ತೀರ್ಪಿನ ನಕಲು ಮನೆಯಲ್ಲಿರಲಿ: ಕಣೇಕಲ್ಲು ಸೀಮೆಯ ಓದಿದ ಮಕ್ಕಳಿಗೊಂದು ಬಹಿರಂಗ ಪತ್ರ

ಕಣೇಕಲ್ಲು, ಬೊಮ್ಮನಹಾಳು, ಡಿ. ಹಿರೇಹಾಳು, ರಾಯದುರ್ಗದ ಸುತ್ತಿನ ಹಳ್ಳಿಗಳಲ್ಲೂ ಅತ್ತ ಮಡಕಶಿರ, ಅಗಳಿ, ರೊಳ್ಳ, ಅಮರಾಪುರದ ಕಡೆಯೂ ಇರುವ ಪ್ರೀತಿಯ ಹುಡುಗ ಹುಡುಗಿಯರೇ,

ನಿಮ್ಮ ಮನೆಯಲ್ಲಿ ಹಳೆಯ ಕೇಸೊಂದು ಇದೆಯೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಅಪ್ಪನ ಮೇಲೋ, ದೊಡ್ಡಪ್ಪನ ಮೇಲೋ, ಸೋದರಮಾವನ ಮೇಲೋ ಇರಬಹುದು. ಕಾಲುವೆ ನೀರಿನ ಜಗಳ, ಬದುವಿನ ಜಗಳ, ಜಾತ್ರೆಯ ಗಲಾಟೆ, ಹಗರಿಯಿಂದ ಟ್ರ್ಯಾಕ್ಟರಿನಲ್ಲಿ ಮರಳು ತಂದದ್ದು, ಹಬ್ಬದ ದಿನ ಆಡಿದ ಇಸ್ಪೀಟು, ಗಡಿಯಾಚೆಯಿಂದ ಚೀಲದಲ್ಲಿ ಬಂದ ಕರ್ನಾಟಕದ ಮದ್ಯದ ಪ್ಯಾಕೆಟ್ಟು. ಇಂಥ ಕಾರಣಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಆ ಕೇಸು ಏನಾಯಿತು ಎಂದು ಕೇಳಿ ನೋಡಿ. "ಅದು ಆಗ್ಲೇ ಹೋಯ್ತಲ್ಲಪ್ಪ" ಎನ್ನುತ್ತಾರೆ. ಕಾಗದ ಎಲ್ಲಿ ಎಂದರೆ "ವಕೀಲ್ರ ಹತ್ರ ಇರ್ಬೇಕು." ವಕೀಲರು ತೀರಿಕೊಂಡು ವರ್ಷಗಳಾಗಿರುತ್ತವೆ, ಇಲ್ಲವೇ ಆಫೀಸು ಬದಲಾಯಿಸಿರುತ್ತಾರೆ.

ಆ ಕಾಗದವನ್ನು ಹುಡುಕಿ ತನ್ನಿ ಎಂದು ಕೇಳುವುದಕ್ಕೇ ಈ ಪತ್ರ. ನಾನು ವಕೀಲನಲ್ಲ, ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನು. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬಂದ ಸರ್ಕಾರಿ ಕಾಗದವನ್ನು ಓದಿ ಹೇಳಿ ಎಂದು ಜನ ಮನೆಗೆ ಬರುತ್ತಾರೆ. ಹಾಗೆ ಓದುತ್ತ ಓದುತ್ತ ಕಲಿತದ್ದನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ನಿಮಗೆ ಮೂರು ಭಾಷೆ ಬರುತ್ತವೆ, ಕೈಯಲ್ಲಿ ಫೋನಿದೆ. ನಿಮ್ಮ ಹಿರಿಯರಿಗೆ ಇವೆರಡೂ ಇರಲಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗ ಅರೆಸೇನಾ ಪಡೆಗೆ ಆಯ್ಕೆಯಾದ. ಓಟದಲ್ಲಿ ಗೆದ್ದ, ಪರೀಕ್ಷೆಯಲ್ಲಿ ಗೆದ್ದ, ವೈದ್ಯರೂ ಪಾಸು ಮಾಡಿದರು. ವೆರಿಫಿಕೇಷನ್ ಹೊತ್ತಿಗೆ ಹಳೆಯ ಗಲಾಟೆ ಕೇಸೊಂದು ಎದ್ದು ಬಂತು. ಹದಿನೆಂಟು ತುಂಬಿದ ಹೊಸದರಲ್ಲಿ ಊರಿನ ಇನ್ನಿತರರ ಜೊತೆ ಅವನ ಹೆಸರೂ ಅದರಲ್ಲಿ ಸೇರಿತ್ತು. ಕೇಸು ಖುಲಾಸೆಯಾಗಿತ್ತು, ಆದರೆ ಅದನ್ನು ತೋರಿಸುವ ಒಂದು ಚೀಟಿಯೂ ಮನೆಯಲ್ಲಿರಲಿಲ್ಲ. ಅವನ ತಾಯಿ ಪ್ಲಾಸ್ಟಿಕ್ ಕವರೊಂದನ್ನು ತಂದು ನನ್ನ ಮುಂದೆ ಸುರಿದರು. ಮಡಿಕೆಯಲ್ಲೇ ಹರಿದುಹೋದ ಸಮನ್ಸು, ಜಾಮೀನಿಗೆಂದು ಕೊಟ್ಟಿದ್ದ ಪಟ್ಟಾದಾರ್ ಪಾಸ್‌ಬುಕ್ಕಿನ ಜೆರಾಕ್ಸು, ವಾಯಿದೆಯ ತಾರೀಖುಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ ಕ್ಯಾಲೆಂಡರ್ ಹಾಳೆಗಳು. ಎಲ್ಲವೂ ಇತ್ತು, ತೀರ್ಪು ಮಾತ್ರ ಇರಲಿಲ್ಲ. ಸಮನ್ಸಿನ ಮೇಲ್ಭಾಗದಲ್ಲಿ ಸಿ.ಸಿ. ನಂಬರು ಮಾಸಿದ್ದರೂ ಓದುವಂತಿತ್ತು. ಅದೊಂದರಿಂದ ಕೆಲಸ ಆಯಿತು, ನಕಲು ಸಿಕ್ಕಿತು. ಆ ಸಮನ್ಸನ್ನೂ ಆ ತಾಯಿ ಒಲೆಗೆ ಹಾಕಿದ್ದರೆ ಏನಾಗುತ್ತಿತ್ತೋ ನೆನೆಯಲಾರೆ.

ಸರ್ಕಾರಿ ಕೆಲಸದ ಅರ್ಜಿಯಲ್ಲಿ ಕೇಸಿನ ವಿಷಯ ಮುಚ್ಚಿಡುವುದು ಕೇಸಿಗಿಂತ ದೊಡ್ಡ ಅಪಾಯ. 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಬಂಧನವಾಗಿದ್ದರೆ, ಕೇಸು ನಡೆಯುತ್ತಿದ್ದರೆ, ಖುಲಾಸೆಯಾಗಿದ್ದರೆ, ಶಿಕ್ಷೆಯಾಗಿದ್ದರೆ, ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು. ಖುಲಾಸೆಯಾದದ್ದು ಯಾವ ಕಾರಣಕ್ಕೆ ಎಂಬುದನ್ನೂ ಕೆಲಸ ಕೊಡುವವರು ನೋಡಬಹುದು. ಸಾಕ್ಷಿಗಳು ತಿರುಗಿಬಿದ್ದರೇ, ಸಂಶಯದ ಲಾಭ ಸಿಕ್ಕಿತೇ, ಆರೋಪವೇ ಸುಳ್ಳೆಂದು ನ್ಯಾಯಾಧೀಶರು ಬರೆದರೇ? ಇದು ತಿಳಿಯುವುದು ತೀರ್ಪನ್ನು ಪೂರ್ತಿ ಓದಿದಾಗ. ಪಾಸ್‌ಪೋರ್ಟಿನ ಮಾತೂ ಹಾಗೆಯೇ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಮುಗಿದ ಕೇಸು ಮುಗಿದಿದೆ ಎಂದು ತೋರಿಸುವ ಹೊಣೆ ನಿಮ್ಮ ತಲೆಯ ಮೇಲೇ ಬೀಳುತ್ತದೆ.

"ಕೇಸು ಹೋಯ್ತು" ಎಂದು ಹಿರಿಯರು ಹೇಳಿದ್ದನ್ನು ಹಾಗೇ ನಂಬಿ ಕೂರಬೇಡಿ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಪಾಲಿಗೆ ವಾಯಿದೆಗೆ ಹೋಗುವುದು ನಿಂತಿತೆಂದರೆ ಕೇಸು ಹೋದಂತೆ. ವಿಚಾರಣೆ ನಡೆದು ಖುಲಾಸೆಯಾಗಿರಬಹುದು. ಪೊಲೀಸರೇ ಸಾಕ್ಷ್ಯವಿಲ್ಲವೆಂದೋ ತಪ್ಪು ತಿಳಿವಳಿಕೆಯಿಂದ ಬಂದ ದೂರೆಂದೋ ವರದಿ ಕೊಟ್ಟು ಮುಚ್ಚಿರಬಹುದು. ಲೋಕ್ ಅದಾಲತ್ತಿನಲ್ಲಿ ರಾಜಿಯಾಗಿರಬಹುದು. ಕಾನೂನು ಒಪ್ಪುವ ಅಪರಾಧದಲ್ಲಿ ರಾಜಿಯಾದರೆ ಅದು ಖುಲಾಸೆಗೆ ಸಮ, ಹೆದರಬೇಕಿಲ್ಲ. ಹೆದರಬೇಕಾದ್ದು ಇನ್ನೊಂದಕ್ಕೆ. "ಒಪ್ಪಿಕೊಂಡು ಫೈನ್ ಕಟ್ಟಿಬಿಡು, ಇವತ್ತೇ ಮುಗಿದುಹೋಗ್ತದೆ" ಎಂದು ಯಾರೋ ಹೇಳುತ್ತಾರೆ, ಇವರು ಸಾಲ ಮಾಡಿ ತಂದು ಕಟ್ಟಿ ಬರುತ್ತಾರೆ. ಇಸ್ಪೀಟಿನ ಕೇಸುಗಳಲ್ಲಿ, ಅಂದರೆ 1974ರ ಆಂಧ್ರದ ಗೇಮಿಂಗ್ ಕಾಯ್ದೆಯ ಕೆಳಗೆ ಹಾಕುವವುಗಳಲ್ಲಿ, ಹೀಗಾಗುವುದು ಹೆಚ್ಚು. ಅದು ಶಿಕ್ಷೆ. ದಂಡ ಕಟ್ಟಿದ ರಸೀದಿ ಶಿಕ್ಷೆಯಾದದ್ದರ ರಸೀದಿ. ತಪ್ಪೊಪ್ಪಿಕೊಂಡ ಮೇಲೆ ಅಪೀಲಿನ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತದೆ. ವರ್ಷಗಳ ಮೇಲೆ ಮಗನೋ ಮಗಳೋ ಅರ್ಜಿ ತುಂಬಿಸುವಾಗ "ಎಂದಾದರೂ ಶಿಕ್ಷೆಯಾಗಿದೆಯೇ" ಎಂಬ ಪ್ರಶ್ನೆಗೆ ಅಪ್ಪ "ಇಲ್ಲ" ಎಂದು ಬರೆಸುತ್ತಾರೆ, ಆ ಉತ್ತರ ಸುಳ್ಳಾಗಿಬಿಡುತ್ತದೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ. ದಂಡ ಕಟ್ಟಿಸುವ ಮೊದಲು ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳುವುದಿಲ್ಲ. ನೀವು ಹೇಳಿ. 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಎಂಬ ರಕ್ಷಣೆಯಿದೆ. ಮನೆಯ ಹಿರಿಯರಿಗೆ ಅದು ಸಿಕ್ಕಿತ್ತೇ ಎಂಬುದನ್ನೂ ತೀರ್ಪಿನಲ್ಲೇ ನೋಡಬೇಕು.

ಈಗ ಹುಡುಕುವ ಕೆಲಸಕ್ಕೆ ಬರೋಣ. ನಂಬರು ಸಿಕ್ಕಿದರೆ ಅರ್ಧ ಕೆಲಸ ಆದಂತೆ, ಆದರೆ ಒಂದೇ ಕೇಸಿಗೆ ಎಷ್ಟೋ ನಂಬರುಗಳಿರುತ್ತವೆ. ಪೊಲೀಸ್ ಸ್ಟೇಷನ್ನಿನಲ್ಲಿ ಅದು ಕ್ರೈಂ ನಂಬರು, ಜೊತೆಗೆ ವರ್ಷ. ಚಾರ್ಜ್‌ಶೀಟು ಕೋರ್ಟಿಗೆ ಹೋದ ಮೇಲೆ ಮ್ಯಾಜಿಸ್ಟ್ರೇಟರ ಬಳಿ ಅದು ಸಿ.ಸಿ. ನಂಬರು. ಸಣ್ಣಪುಟ್ಟದ್ದಾದರೆ ಎಸ್.ಟಿ.ಸಿ. ಕೊಲೆಯಂಥ ದೊಡ್ಡ ಕೇಸಾದರೆ ಮ್ಯಾಜಿಸ್ಟ್ರೇಟರಲ್ಲಿ ಪಿ.ಆರ್.ಸಿ. ಎಂದು ದಾಖಲಾಗಿ, ಅಲ್ಲಿಂದ ಸೆಷನ್ಸ್ ಕೋರ್ಟಿಗೆ ಕಮಿಟ್ ಆಗಿ, ಎಸ್.ಸಿ. ಎಂಬ ಹೊಸ ನಂಬರು ಪಡೆಯುತ್ತದೆ. ಈ ಎಸ್.ಸಿ. ಎಂದರೆ ಸೆಷನ್ಸ್ ಕೇಸು, ಜಾತಿಗೆ ಸಂಬಂಧಿಸಿದ್ದಲ್ಲ. ಮೊದಲ ಸಲ ನೋಡಿದವರು ತಪ್ಪು ತಿಳಿಯುವುದುಂಟು. ಅಪೀಲು ಆಗಿದ್ದರೆ ಅದಕ್ಕೆ ಬೇರೆ ನಂಬರು, ಕೆಳಗಿನ ಕೋರ್ಟಿನ ಕಡತವೂ ಮೇಲಿನ ಕೋರ್ಟಿಗೆ ಹೋಗಿರಬಹುದು. ಮದ್ಯದ ಕೇಸಾಗಿದ್ದರೆ ಅದು ಊರಿನ ಪೊಲೀಸ್ ಸ್ಟೇಷನ್ನಿನಲ್ಲಿ ಇರದೆ ಅಬಕಾರಿಯವರ ಸ್ಟೇಷನ್ನಿನಲ್ಲಿ ದಾಖಲಾಗಿರಬಹುದು. ಯಾವ ಕೋರ್ಟು ಎಂಬುದು ಚಾರ್ಜ್‌ಶೀಟಿನ ಮೊದಲ ಸಾಲಿನಲ್ಲೇ ಇರುತ್ತದೆ.

ಕೈಯಲ್ಲಿ ಒಂದು ನಂಬರಾದರೂ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಆ್ಯಪಿನಲ್ಲಿ ನೋಡಿ. ರಾಜ್ಯ, ಜಿಲ್ಲೆ, ಕೋರ್ಟ್ ಆವರಣ ಆರಿಸಿಕೊಂಡು, ಎಫ್‌ಐಆರ್ ನಂಬರಿನಿಂದಲೂ ಕೇಸ್ ನಂಬರಿನಿಂದಲೂ ಹುಡುಕಬಹುದು. ಮುಗಿದ ಕೇಸನ್ನು ಹುಡುಕುವಾಗ ಬಾಕಿ ಇರುವ ಕೇಸುಗಳ ಗುರುತಿನ ಮೇಲೇ ಬಿಟ್ಟು "ಏನೂ ಇಲ್ಲ" ಎಂದು ಬಂದರೆ ಕೈಬಿಡಬೇಡಿ, ಮುಗಿದವುಗಳ ಗುರುತು ಒತ್ತಿ. ಸಿಕ್ಕಿದ ಕೂಡಲೇ 16 ಅಕ್ಷರ, ಅಂಕೆಗಳ ಸಿ.ಎನ್.ಆರ್. ನಂಬರನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೊಂದೇ ಸಾಕು. ಮಡಕಶಿರದವರಿಗೊಂದು ಮಾತು: 2022ರಲ್ಲಿ ನಿಮ್ಮ ತಾಲೂಕು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಳೆಯ ಕೇಸನ್ನು ಹುಡುಕುವಾಗ ಅನಂತಪುರದ ಹೆಸರಿನ ಕೆಳಗೂ ತಪ್ಪದೆ ನೋಡಿ.

ಹೆಸರಿನಿಂದ ಹುಡುಕುವುದು ನಮ್ಮ ಸೀಮೆಯಲ್ಲಿ ಬಲು ಕಷ್ಟ. ಒಂದೊಂದು ಊರಲ್ಲೂ ಹಲವು ತಿಪ್ಪೇಸ್ವಾಮಿಗಳು, ಹನುಮಂತಪ್ಪಗಳು, ಎರ್ರಿಸ್ವಾಮಿಗಳು. ಕನ್ನಡ ಶಾಲೆಯ ಟಿ.ಸಿ.ಯಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಆಂಧ್ರದ ದಾಖಲೆಯಲ್ಲಿ ಮನೆತನದ ಹೆಸರು ಮುಂದೆ. ಅದೂ ಇಲ್ಲದಿದ್ದರೆ ಬೋಯ, ಕುರುಬ, ಗೊಲ್ಲ, ವಡ್ಡೆ ಎಂದು ಕುಲದ ಹೆಸರನ್ನೇ ಮುಂದಿಟ್ಟು ಬರೆದಿರುತ್ತಾರೆ. ಮನೆಯಲ್ಲಿ ನಾಯಕರ ತಿಪ್ಪೇಸ್ವಾಮಿ ಎನಿಸಿಕೊಂಡವರು ಪೊಲೀಸ್ ಕಾಗದದಲ್ಲಿ ಬೋಯ ತಿಪ್ಪೇಸ್ವಾಮಿ. ಇಂಗ್ಲಿಷಿಗೆ ಇಳಿಸುವಾಗ ಒಬ್ಬ ಗುಮಾಸ್ತರು ಎಚ್ ಸೇರಿಸಿದರೆ ಇನ್ನೊಬ್ಬರು ಬಿಟ್ಟರು, ಒಬ್ಬರು ಕೊನೆಗೆ ವೈ ಹಾಕಿದರೆ ಇನ್ನೊಬ್ಬರು ಐ. ಆದ್ದರಿಂದ ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ, ಬೇರೆ ಬೇರೆ ಬರಹದಲ್ಲಿ ಹುಡುಕಿ. ಸಿಕ್ಕಿದರೂ ಅಪ್ಪನ ಹೆಸರು, ಊರು, ವಯಸ್ಸು, ಸ್ಟೇಷನ್ನು ತಾಳೆ ನೋಡದೆ "ಇದೇ" ಎನ್ನಬೇಡಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುವಾಗ ಹಿನ್ನೆಲೆ ಪರಿಶೀಲನೆ ಮಾಡುವ ಕಂಪನಿಗಳೂ ಇಂಥ ಹೆಸರಿನ ಹುಡುಕಾಟವನ್ನೇ ನೆಚ್ಚುತ್ತವೆ. ಅದೇ ಹೆಸರಿನ ಬೇರೆ ಯಾರದೋ ಕೇಸು ನಿಮ್ಮ ತಲೆಗೆ ಬಂದರೆ, ಆ ಆರೋಪಿಯ ಅಪ್ಪನ ಹೆಸರು, ಊರು ಬೇರೆ ಎಂದು ತೋರಿಸಲೂ ಅದೇ ಕೋರ್ಟಿನ ಕಾಗದವೇ ಬೇಕು.

ಕಂಪ್ಯೂಟರಿಗೆ ಏರದ ಹಳೆಯ ಕೇಸುಗಳೇ ನಮ್ಮ ಹಿರಿಯರಲ್ಲಿ ಹೆಚ್ಚು. ಅವಕ್ಕೆ ರಿಜಿಸ್ಟರನ್ನೇ ನೋಡಬೇಕು. ಸ್ಟೇಷನ್ನಿನಲ್ಲಿ ವರ್ಷವಾರು ಎಫ್‌ಐಆರ್ ದಾಖಲೆ, ಕೋರ್ಟಿನಲ್ಲಿ ಸಿ.ಸಿ. ರಿಜಿಸ್ಟರು. ವರ್ಷವೂ ಸ್ಟೇಷನ್ನೂ ಗೊತ್ತಿದ್ದರೆ ವಕೀಲರ ಗುಮಾಸ್ತರ ನೆರವಿನಿಂದ ಸಿಕ್ಕೀತು. ಮುಗಿದ ಕಡತಗಳು ರಿಕಾರ್ಡ್ ರೂಮಿಗೆ ಹೋಗುತ್ತವೆ. ಅಲ್ಲಿಯೂ ಶಾಶ್ವತವಾಗಿ ಇರುವುದಿಲ್ಲ. ಯಾವ ಬಗೆಯ ಕಡತವನ್ನು ಎಷ್ಟು ವರ್ಷ ಇಡಬೇಕೆಂದು ನಿಯಮವಿದೆ, ಅವಧಿ ತೀರಿದರೆ ನಾಶ ಮಾಡುತ್ತಾರೆ. ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡಿಡುವ ಉದ್ದೇಶ 2023ರಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿಗೆ ಒಪ್ಪಿದ ಇ-ಕೋರ್ಟ್ಸ್ ಮೂರನೆಯ ಹಂತದಲ್ಲಿ ಇದೆ. ಒಳ್ಳೆಯ ಕೆಲಸ. ಆದರೆ ನಿಮ್ಮ ಅಪ್ಪನ ಕಡತಕ್ಕೆ ಸ್ಕ್ಯಾನರು ಮೊದಲು ಬರುತ್ತದೋ ನಾಶದ ಪಟ್ಟಿ ಮೊದಲು ಬರುತ್ತದೋ ಕಾದು ನೋಡುವುದು ಬೇಡ.

ತೀರಾ ಹಳೆಯದಾದರೆ ನಮ್ಮ ಚರಿತ್ರೆಯೂ ಅಡ್ಡ ಬರುತ್ತದೆ. ರಾಯದುರ್ಗ ತಾಲೂಕು 1953ರ ಅಕ್ಟೋಬರಿನವರೆಗೆ ಬಳ್ಳಾರಿ ಜಿಲ್ಲೆಯದು. ಬಳ್ಳಾರಿ ಮೈಸೂರಿಗೆ ಹೋದಾಗ ರಾಯದುರ್ಗ, ಆಲೂರು, ಆದೋನಿ ಆಂಧ್ರದಲ್ಲಿ ಉಳಿದವು. ಮೇಲಿನ ಕೋರ್ಟೂ ಅಲೆಯುತ್ತಲೇ ಬಂತು. 1954ರವರೆಗೆ ಮದ್ರಾಸ್ ಹೈಕೋರ್ಟ್, ಆ ವರ್ಷದಿಂದ ಗುಂಟೂರು, 1956ರಿಂದ ಹೈದರಾಬಾದು, 2019ರ ಜನವರಿ 1ರಿಂದ ಅಮರಾವತಿ. ತಾತನ ಕಾಲದ ಜಮೀನಿನ ಹೊಡೆದಾಟವೊಂದರ ತೀರ್ಪು ಇವತ್ತಿನ ಭೂವ್ಯಾಜ್ಯಕ್ಕೆ ಸಾಕ್ಷಿಯಾಗಿ ಬೇಕಾದವರು ಯಾವ ಊರಿನಲ್ಲಿ ಕೇಳಬೇಕೆಂದು ಈ ವರ್ಷಗಳನ್ನು ನೋಡಿ ತೀರ್ಮಾನಿಸಬೇಕು.

ಗುಂತಕಲ್ಲಿನ ಹಂಪಣ್ಣನ ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. 1893ರಲ್ಲಿ ಬ್ರಿಟಿಷ್ ಸಿಪಾಯಿಗಳಿಂದ ಹೆಣ್ಣುಮಕ್ಕಳನ್ನು ಕಾಪಾಡಲು ಹೋಗಿ ಗುಂಡೇಟಿಗೆ ಸತ್ತ ರೈಲ್ವೆ ಗೇಟ್‌ಮನ್. ಕೇಸು ಮದ್ರಾಸ್ ಹೈಕೋರ್ಟಿಗೆ ಹೋಯಿತು, ಆರೋಪಿ ಬಿಡುಗಡೆಯಾದ. ನ್ಯಾಯ ಸಿಗಲಿಲ್ಲ. ಆದರೆ ಗುತ್ತಿಯ ಕೇಶವ ಪಿಳ್ಳೆಯವರು ಅದನ್ನು ಪತ್ರಿಕೆಗೆ ಬರೆದು ಜಗತ್ತಿನ ಮುಂದಿಟ್ಟರು, ಜನ ಕಲ್ಲು ನಿಲ್ಲಿಸಿದರು. ಇವತ್ತಿಗೂ ಆ ಹೆಸರನ್ನು ನಾವು ಹೇಳುತ್ತಿರುವುದು ಯಾರೋ ಬರೆದಿಟ್ಟರೆಂಬ ಕಾರಣಕ್ಕೆ. ಸತ್ತವನ ಕಡೆಯವರಿಗೂ ಕಡತ ಬೇಕು ಎಂಬುದನ್ನು ನೆನಪಿಸಲು ಇದನ್ನು ಹೇಳಿದೆ. ಕೇಸಿನ ಕಾಗದವೆಂದರೆ ಆರೋಪಿಗೆ ಸೇರಿದ್ದು ಮಾತ್ರ ಎಂದುಕೊಳ್ಳುತ್ತೇವೆ. ಹೊಡೆತ ತಿಂದವರಿಗೂ ಅದರಲ್ಲಿ ಹಕ್ಕಿದೆ.

ಆ ಹಕ್ಕುಗಳನ್ನೇ ನೋಡಿ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೆಯ ಸೆಕ್ಷನ್ನಿನಂತೆ ದೂರು ಕೊಟ್ಟವರಿಗೆ ಅಥವಾ ನೊಂದವರಿಗೆ ಎಫ್‌ಐಆರ್ ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕು. ಘಟನೆ ಗಡಿಯಾಚೆ ನಡೆದಿದ್ದರೂ ದೂರನ್ನು ಬರೆದುಕೊಳ್ಳಬೇಕು. ಬಳ್ಳಾರಿ ಕಡೆ ನಡೆದದ್ದಕ್ಕೆ ಇಲ್ಲಿ ಬರೆಸಬಹುದು, ಇಲ್ಲಿಯದಕ್ಕೆ ಅಲ್ಲಿ. 193ನೆಯ ಸೆಕ್ಷನ್ನಿನಂತೆ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಅವರಿಗೆ ತಿಳಿಸಬೇಕು. 230ನೆಯದರಂತೆ ಚಾರ್ಜ್‌ಶೀಟು, ಹೇಳಿಕೆಗಳು, ಇತರ ದಾಖಲೆಗಳ ಪ್ರತಿ ಆರೋಪಿಗೆ ಉಚಿತ. ಕೋರ್ಟಿಗೆ ಹಾಜರಾದ 14 ದಿನ ದಾಟುವಂತಿಲ್ಲ. ನೊಂದವರು ವಕೀಲರನ್ನು ಇಟ್ಟಿದ್ದರೆ ಅವರಿಗೂ ಅದೇ. ಎಫ್‌ಐಆರನ್ನು 24 ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಏರಿಸಬೇಕೆಂದು 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿತು. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧದಂಥ ಸೂಕ್ಷ್ಮವಾದವುಗಳನ್ನು ಬಿಟ್ಟು. ಚಾರ್ಜ್‌ಶೀಟನ್ನು ಹಾಗೆ ಎಲ್ಲರಿಗೂ ತೆರೆದಿಡಬೇಕಿಲ್ಲ ಎಂದು 2023ರ ಜನವರಿಯಲ್ಲಿ ಅದೇ ಕೋರ್ಟ್ ಹೇಳಿದೆ.

ತೀರ್ಪಿನ ವಿಷಯ 404ನೆಯ ಸೆಕ್ಷನ್ನು, ಹಳೆಯ ಕಾಯ್ದೆಯಲ್ಲಿ 363. ಜೈಲು ಶಿಕ್ಷೆಯಾದವರಿಗೆ ತೀರ್ಪು ಹೇಳಿದ ಕೂಡಲೇ ಪ್ರತಿಯನ್ನು ಉಚಿತವಾಗಿ ಕೈಗೆ ಕೊಡಬೇಕು. ತೀರ್ಪಿನಿಂದ ಬಾಧಿತರಾದ ಯಾರೇ ಆಗಲಿ, ಅರ್ಜಿ ಹಾಕಿ ಹಣ ಕಟ್ಟಿದರೆ ತೀರ್ಪು, ಆದೇಶ, ಸಾಕ್ಷಿಗಳ ಹೇಳಿಕೆ ಇವುಗಳ ಪ್ರತಿ ಕೊಡಬೇಕು.

ಕೇಳುವ ರೀತಿ ಸರಳ. ಕೋರ್ಟಿನ ಕಾಪಿ ಸೆಕ್ಷನ್ನಿಗೆ ಕಾಪಿ ಅರ್ಜಿ ಕೊಡಬೇಕು. ಕೋರ್ಟಿನ ಹೆಸರು, ಕೇಸ್ ನಂಬರು, ಎರಡೂ ಕಡೆಯ ಹೆಸರು, ತೀರ್ಪಿನ ತಾರೀಖು, ಯಾವ ಕಾಗದ ಬೇಕು ಎಂಬುದು, ಮೇಲೆ ಕೋರ್ಟ್ ಫೀ ಸ್ಟಾಂಪು. ಅರ್ಜಿಗೊಂದು ನಂಬರು ಬೀಳುತ್ತದೆ, ಅದನ್ನು ಬರೆದುಕೊಳ್ಳಿ. ಆಮೇಲೆ ಎಷ್ಟು ಸ್ಟಾಂಪು ಬೇಕೆಂದು ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಬಹಳ ಜನ ಎಡವುವುದು ಇಲ್ಲೇ. ಅರ್ಜಿ ಕೊಟ್ಟೆವಲ್ಲ ಎಂದು ಊರಿಗೆ ಬಂದು ಕೂರುತ್ತಾರೆ, ಸ್ಟಾಂಪು ಕಟ್ಟದ ಅರ್ಜಿ ವಜಾ ಆಗುತ್ತದೆ. ಕಾಪಿ ಕೈಗೆ ಬಂದಾಗ ಅದರ ಮೇಲಿನ ಮೊಹರನ್ನು ನೋಡಿ. ಅರ್ಜಿ ಕೊಟ್ಟ ದಿನ, ಸ್ಟಾಂಪು ಕೇಳಿದ ದಿನ, ಕಟ್ಟಿದ ದಿನ, ಕಾಪಿ ಸಿದ್ಧವಾದ ದಿನ, ಕೊಟ್ಟ ದಿನ ಎಂದು ಸಾಲಾಗಿ ತಾರೀಖುಗಳಿರುತ್ತವೆ. ಆ ತಾರೀಖುಗಳಿಗೆ ಬೆಲೆಯಿದೆ. ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಲು 30 ದಿನ, ಹೈಕೋರ್ಟಿಗೆ 60 ದಿನ. ಕಾಪಿ ಪಡೆಯಲು ಹಿಡಿದ ಕಾಲವನ್ನು 1963ರ ಕಾಲಮಿತಿ ಕಾಯ್ದೆಯ 12ನೆಯ ಸೆಕ್ಷನ್ನಿನಂತೆ ಅದರಿಂದ ಕಳೆಯುತ್ತಾರೆ. ಆದ್ದರಿಂದ ತೀರ್ಪು ಬಂದ ದಿನವೇ ಅರ್ಜಿ ಹಾಕಿಸಿ. ಜಾಲತಾಣದಿಂದ ಇಳಿಸಿಕೊಂಡ ಪ್ರತಿ ಓದಲು ಸಾಕು, ಹೊಸ ಕಾಯ್ದೆಯಲ್ಲಿ ಸಾಧ್ಯವಾದಷ್ಟು 7 ದಿನದೊಳಗೆ ಏರಿಸಬೇಕೆಂದೂ ಇದೆ. ಆದರೆ ಆಫೀಸಿನಲ್ಲಿ ಕೊಡಲು ಮೊಹರಿರುವ ಸರ್ಟಿಫೈಡ್ ಕಾಪಿಯೇ ಬೇಕು. ಎರಡು ತೆಗೆಸಿ, ಒಂದನ್ನು ಯಾರಿಗೂ ಕೊಡಬೇಡಿ.

ಮಾಹಿತಿ ಹಕ್ಕಿನಲ್ಲಿ ಕೇಳಿದರಾಗದೇ ಎನ್ನುತ್ತೀರಿ. ಕೋರ್ಟಿನ ಕಡತಕ್ಕೆ ಆ ದಾರಿ ಇಲ್ಲ. ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಹೇಳಿದೆ: ಕೋರ್ಟಿನ ನಿಯಮಗಳಲ್ಲೇ ಕಾಪಿ ಪಡೆಯುವ ದಾರಿ ಇರುವಾಗ ಅದರಂತೆಯೇ ಕೇಳಬೇಕು. ನಮ್ಮ ರಾಜ್ಯಕ್ಕೆ 1990ರ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಇದೆ. ಕೇಸಿನಲ್ಲಿ ಇಲ್ಲದ ಮೂರನೆಯವರು ಕೇಳುವುದಾದರೆ ಏಕೆ ಬೇಕೆಂದು ಕಾರಣ ತೋರಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಅಮೆರಿಕದಲ್ಲಿ ಕೌಂಟಿ ಕೋರ್ಟಿನ ಕ್ಲರ್ಕಿನ ಕಿಟಕಿಯಲ್ಲಿ ದಾರಿಹೋಕರೂ ಬಹುತೇಕ ಕ್ರಿಮಿನಲ್ ಕಡತ ಕೇಳಿ ಪಡೆಯಬಹುದಂತೆ, ಅಲ್ಲಿಗೆ ಹೋದ ನಮ್ಮವರು ಹೇಳುತ್ತಾರೆ. ನನಗೆ ನಮ್ಮ ಕ್ರಮವೇ ಮೇಲೆನಿಸುತ್ತದೆ. ನಿಮ್ಮ ಮನೆಯ ಕಡತ ನಿಮಗೆ ಸಿಗಬೇಕು, ಪಕ್ಕದ ಮನೆಯವರ ಕಡತ ಚುನಾವಣೆಯ ಹೊತ್ತಿಗೆ ಕಟ್ಟೆಯ ಮೇಲೆ ಓದಲು ಸಿಗಬಾರದು. ಹಾಗೆ ಮಾಡಲು ಈ ಪತ್ರವನ್ನು ಬಳಸಬೇಡಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕುವುದು ಅಪರಾಧ. ಹದಿನೆಂಟರೊಳಗಿನ ಮಕ್ಕಳ ಕೇಸಿನ ಗುರುತನ್ನು 2015ರ ಬಾಲನ್ಯಾಯ ಕಾಯ್ದೆ ಕಾಯುತ್ತದೆ. ಇಂಥ ಕಾಗದ ಯಾರಾದರೂ ವಾಟ್ಸ್ಆ್ಯಪ್ಪಿನಲ್ಲಿ ಕಳಿಸಿದರೆ ಅಲ್ಲೇ ಅಳಿಸಿ, ಕಳಿಸಿದವರಿಗೂ ಹೇಳಿ.

ಇನ್ನು ಭಾಷೆ. ನನ್ನ ಮನಸ್ಸಿಗೆ ಅತ್ಯಂತ ಹತ್ತಿರದ ವಿಷಯ ಇದು. ರಾಯದುರ್ಗ, ಮಡಕಶಿರದ ಕನ್ನಡದ ರೈತ ತೆಲುಗಿನಲ್ಲಿ ನಡೆದ ವಿಚಾರಣೆಯಲ್ಲಿ ಕೈಕಟ್ಟಿ ನಿಂತು, ಇಂಗ್ಲಿಷಿನಲ್ಲಿ ಬರೆದ ತೀರ್ಪನ್ನು ಹೊತ್ತು ಬರುತ್ತಾನೆ. ಮಾತಾಡಲು ತೆಲುಗು ಅವನಿಗೆ ಬರುತ್ತದೆ, ಓದಲು ಬಾರದು. ಕಾನೂನು ಅವನನ್ನು ಮರೆತಿಲ್ಲ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಬಿಡಿಸಿ ಹೇಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 314ನೆಯ ಸೆಕ್ಷನ್ನು ಹೇಳುತ್ತದೆ. ಅದೇ 404ರ ಎರಡನೆಯ ಉಪವಿಭಾಗ ಹೇಳುವುದು ಇಷ್ಟು: ಆರೋಪಿ ಅರ್ಜಿ ಕೊಟ್ಟರೆ ತೀರ್ಪಿನ ಪ್ರತಿ, ಅವನು ಬಯಸಿದರೆ ಸಾಧ್ಯವಾದ ಮಟ್ಟಿಗೆ ಅವನದೇ ಭಾಷೆಯ ಅನುವಾದ, ಇಲ್ಲವೇ ಕೋರ್ಟಿನ ಭಾಷೆಯ ಅನುವಾದ ತಡಮಾಡದೆ ಕೊಡಬೇಕು. ಆರೋಪಿ ಅಪೀಲು ಹೋಗಬಹುದಾದ ತೀರ್ಪಾದರೆ ಅದೂ ಉಚಿತ. ಹಳೆಯ ಕಾಯ್ದೆಯಲ್ಲೂ ಇದು ಹೀಗೆಯೇ ಇತ್ತು. ಕನ್ನಡದಲ್ಲಿ ಬೇಕೆಂದು ನಮ್ಮಲ್ಲಿ ಯಾರಾದರೂ ಬರೆದುಕೊಟ್ಟದ್ದನ್ನು ನಾನು ಕಂಡಿಲ್ಲ. ಸಾಧ್ಯವಾದ ಮಟ್ಟಿಗೆ ಎಂಬ ಮಾತು ಕಾಯ್ದೆಯಲ್ಲೇ ಇದೆ, ನಿಜ. ಅನುವಾದಕರಿಲ್ಲ ಎಂಬ ಉತ್ತರ ಬರಬಹುದು. ಆದರೆ ಕೇಳದೆ ಇದ್ದರೆ ಆ ಉತ್ತರವೂ ಬರುವುದಿಲ್ಲ, ಈ ತಾಲೂಕುಗಳಲ್ಲಿ ಕನ್ನಡ ಅನುವಾದಕರು ಬೇಕೆಂದು ಯಾರ ಕಡತದಲ್ಲೂ ದಾಖಲಾಗುವುದಿಲ್ಲ. ಶಿಕ್ಷೆಯಾದವರ ಕಾಪಿ ಅರ್ಜಿಯಲ್ಲಿ "ನನ್ನ ಮಾತೃಭಾಷೆ ಕನ್ನಡ, ತೀರ್ಪಿನ ಕನ್ನಡ ಅನುವಾದವನ್ನೂ ಕೋರುತ್ತೇನೆ" ಎಂಬ ಒಂದು ಸಾಲನ್ನು ಸೇರಿಸಿ. ಸುಪ್ರೀಂ ಕೋರ್ಟಿನ ತೀರ್ಪುಗಳೇ ಈಗ ಕನ್ನಡಕ್ಕೆ ಬರುತ್ತಿರುವಾಗ, ಗಡಿಯ ರೈತನ ನಾಲ್ಕು ಪುಟದ ತೀರ್ಪು ಬರಬಾರದೆಂದೇನಿಲ್ಲ. ಠಾಣೆಗೋ ಕಲೆಕ್ಟರಿಗೋ ಕೊಡುವ ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದು ಎಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕನ್ನಡದಲ್ಲಿ ಬರೆದು, ಕೆಳಗೆ ತೆಲುಗಿನಲ್ಲಿ ಸಾರಾಂಶ ಕೊಟ್ಟರೆ ಎರಡು ಕಡೆಗೂ ಅನುಕೂಲ.

ದುಡ್ಡಿಲ್ಲ, ವಕೀಲರಿಲ್ಲ ಎನ್ನುವವರಿಗೆ ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಜೈಲಿನಲ್ಲಿರುವವರು ಆದಾಯದ ಪ್ರಶ್ನೆಯಿಲ್ಲದೆ ಉಚಿತ ನೆರವಿಗೆ ಅರ್ಹರು. ಫೋನ್ ನಂಬರು 15100.

ನಿಮ್ಮಿಂದ ನಾನು ಕೇಳುವುದು ಇಷ್ಟು. ಊರಿಗೆ ಇಬ್ಬರಂತೆ ಮುಂದೆ ಬನ್ನಿ, ಅದರಲ್ಲಿ ಒಬ್ಬಳು ಹುಡುಗಿ ಇರಲಿ. ಹೆಂಗಸರು ತಮ್ಮ ಕೇಸಿನ ಮಾತನ್ನು ಹುಡುಗರ ಮುಂದೆ ತೆಗೆಯುವುದಿಲ್ಲ. ಹಿರಿಯರು ಕವರು ಬಿಚ್ಚಿದಾಗ ನಗಬೇಡಿ, ಏನು ಮಾಡಿದ್ದಿರಿ ಎಂದು ವಿಚಾರಣೆ ಮಾಡಬೇಡಿ, ನಂಬರು ಮಾತ್ರ ಹುಡುಕಿ. ಸಮನ್ಸು, ಜಾಮೀನಿನ ಕಾಗದ, ದಂಡದ ರಸೀದಿ, ವಕೀಲರು ಬರೆದುಕೊಟ್ಟ ಚೀಟಿ, ಯಾವುದನ್ನೂ ಬಿಸಾಡಬೇಡಿ. ಕೇಸು ಸಿಕ್ಕಿದ ಮೇಲೆ ಅರ್ಜಿಯನ್ನು ಅವರ ಕೈಯಿಂದಲೇ ಸಹಿ ಮಾಡಿಸಿ ಕೊಡಿ. ಅನುವಾದಕ್ಕೆ ನಾನಿದ್ದೇನೆ, ಇಂಗ್ಲಿಷಿನ ತೀರ್ಪನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ. ಅದಕ್ಕೆ ಕೋರ್ಟಿನ ಮೊಹರು ಇರುವುದಿಲ್ಲ, ಆದರೆ ತನ್ನ ಬಗ್ಗೆ ನ್ಯಾಯಾಧೀಶರು ಏನು ಬರೆದರೆಂದು ಆ ಮನುಷ್ಯ ತನ್ನ ಭಾಷೆಯಲ್ಲಿ ಓದಿಕೊಳ್ಳಬಹುದು. ಓದಲು ಬಾರದವರಿಗೆ ನೀವು ಓದಿ ಹೇಳಿ.

ನಿಮ್ಮ,
ಕಣೇಕಲ್ಲಿನ ಒಬ್ಬ ಕನ್ನಡ ಮೇಷ್ಟ್ರು